ಆರು ಪಿಐಆರ್ ಸೆನ್ಸರ್ ಒಟ್ಟಿಗೆ ಟ್ರಿಗರ್ ಆಗುತ್ತಿದ್ದರೆ

ಆರು ಪಿಐಆರ್ (ಜನರ ಓಡಾಟ ಗುರುತಿಸುವ) ಸೆನ್ಸರ್‌ಗಳನ್ನು ಮೈಕ್ರೋಕಂಟ್ರೋಲರ್ ಬೋರ್ಡ್‌ಗೆ ಜೋಡಿಸಿ ಎಲ್‌ಇಡಿ ಸ್ಟ್ರಿಪ್ ಉರಿಸುತ್ತಿದ್ದೀರಿ. ಯಾರೂ ಇಲ್ಲದಾಗಲೂ ಆರೂ ಸೆನ್ಸರ್ ಒಂದೇ ಸಲ ಹೈ ಆಗುತ್ತಿವೆ (ಓಡಾಟ ಇದೆ ಎಂದು ತೋರಿಸುತ್ತಿವೆ) ಅಂದರೆ ತೊಂದರೆ ಕೋಡ್‌ಗಿಂತ ಪವರ್‌ನಲ್ಲಿರುವ ಸಾಧ್ಯತೆಯೇ ಜಾಸ್ತಿ. ವೈರಿಂಗ್ ನೋಡದೆ ಖಚಿತವಾಗಿ ಹೇಳಲಾರೆ. ನಿಮ್ಮ ಪಿಐಆರ್ ಸೆನ್ಸರ್ ಎಚ್‌ಸಿ-ಎಸ್‌ಆರ್501 ಎಳೆಯುವ ಕರೆಂಟ್ ತೀರಾ ಕಡಿಮೆ. ನಿಮ್ಮ ಡಬ್ಲ್ಯುಎಸ್2812 ಎಲ್‌ಇಡಿ ಸ್ಟ್ರಿಪ್ ಹಾಗಲ್ಲ, ಪೂರ್ತಿ ಬಿಳಿ ಉರಿದರೆ ಒಂದೊಂದು ಎಲ್‌ಇಡಿಗೂ ಸುಮಾರು 60 ಮಿಲಿಆಂಪ್ ಬೇಕು. ಎರಡಕ್ಕೂ ಒಂದೇ ಸಪ್ಲೈ ಇದ್ದರೆ ಅದು ಹತ್ತಿದ ಕ್ಷಣ 5 ವೋಲ್ಟ್ ಲೈನ್ ಕುಸಿಯಬಹುದು, ಸೆನ್ಸರ್‌ಗಳು ಅದಕ್ಕೇ ಟ್ರಿಗರ್ ಆಗುತ್ತಿರಬಹುದು.

ಮೊದಲು ಸ್ಟ್ರಿಪ್ ಕಳಚಿ, ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸುವ ಮಾಹಿತಿ ಕಂಪ್ಯೂಟರ್‌ನಲ್ಲಿ ಕಾಣುವ ಕಿಟಕಿ) ಸೆನ್ಸರ್‌ಗಳನ್ನಷ್ಟೇ ನೋಡಿ. ಆನ್ ಮಾಡಿದ ಮೇಲೆ ಒಂದು ನಿಮಿಷ ಕಾಯಿರಿ, ಅಷ್ಟು ಹೊತ್ತು ಅವು ಸುಮ್ನೆ ಟ್ರಿಗರ್ ಆಗುತ್ತಿರುತ್ತವೆ. ಆಮೇಲೆ ಸರಿಹೋಯಿತಾ? ಹಾಗಾದರೆ ಸ್ಟ್ರಿಪ್‌ಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ, ವೈರ್ ಸ್ಟ್ರಿಪ್‌ಗೆ ಸೇರುವ ಕಡೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಗ್ರೌಂಡ್ ಮಾತ್ರ ಎಲ್ಲಕ್ಕೂ ಒಂದೇ ಇರಬೇಕು, ಇದನ್ನು ದಯವಿಟ್ಟು ಎರಡು ಸಲ ನೋಡಿ.

ಸ್ಟ್ರಿಪ್ ಇಲ್ಲದೆಯೂ ನಿಲ್ಲದಿದ್ದರೆ ಎಸಿ ಗಾಳಿ ಅಥವಾ ಬಿಸಿಲು ನೇರ ಬೀಳುತ್ತಿದೆಯಾ ನೋಡಿ.

ಸೆನ್ಸರ್ ಮೇಲಿನ ಕಿತ್ತಳೆ ಬಣ್ಣದ ಟೈಮ್ ತಿರುಪನ್ನು ಕನಿಷ್ಠಕ್ಕೆ ಇಳಿಸಿ, ಒಮ್ಮೆ ಟ್ರಿಗರ್ ಆದರೆ ಹೈ ಇರುವ ಹೊತ್ತು ಸುಮಾರು 3 ಸೆಕೆಂಡ್ ಆಗುತ್ತದೆ. ಕೋಡ್‌ನಲ್ಲಿ ಡಿಲೇ (ಅಷ್ಟು ಹೊತ್ತು ಕೋಡ್ ನಿಲ್ಲಿಸುವ ಆದೇಶ) ತೆಗೆದು ಮಿಲಿಸ್ (ಕಳೆದ ಸಮಯ ತಿಳಿಸುವ ಫಂಕ್ಷನ್) ಬಳಸಿ. ಇಲ್ಲದಿದ್ದರೆ ಒಂದು ಸೆನ್ಸರ್‌ಗೆ ಲೈಟ್ ಓಡುವಷ್ಟು ಹೊತ್ತು ಉಳಿದ ಐದನ್ನು ಬೋರ್ಡ್ ಓದುವುದೇ ಇಲ್ಲ.