4 ಜಿಬಿ ಲ್ಯಾಪ್‌ಟಾಪ್‌ಗೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕ್ಸಿದ್ರೆ ಸ್ಪೀಡ್ ಆಗುತ್ತಾ?

ಆಗುತ್ತೆ, ಅದ್ರಲ್ಲೂ ಕ್ರೋಮಲ್ಲಿ ಹತ್ತು ಟ್ಯಾಬ್ ತೆಗೆದ ತಕ್ಷಣ ಹ್ಯಾಂಗ್ ಆಗೋದಾದ್ರೆ ಖಂಡಿತ. ರ‍್ಯಾಮ್ ಅಂದ್ರೆ ಈಗ ನಡೀತಿರೋ ಕೆಲಸ ಇಟ್ಕೊಳ್ಳೋ ಜಾಗ, ಅದು ತುಂಬಿದ ಮೇಲೆ ವಿಂಡೋಸ್ ಉಳಿದಿದ್ದನ್ನ ಹಾರ್ಡ್‌ಡಿಸ್ಕ್‌ಗೆ ತಳ್ಳಿ ಬೇಕಾದಾಗ ವಾಪಸ್ ಎಳ್ಕೊಳ್ಳುತ್ತೆ, ಡಿಸ್ಕ್ ರ‍್ಯಾಮ್‌ಗಿಂತ ತುಂಬಾನೇ ನಿಧಾನ, ನಮ್ಮ ಚಿಕ್ಕಮಗಳೂರು ಕಡೆ ಕಣ ಸಾಲದೆ ಕಾಫಿ ಚೀಲನ ಗೋಡೌನಿಗೂ ಕಣಕ್ಕೂ ಹೊತ್ಕೊಂಡು ಓಡಾಡ್ದಂಗೆ.

ತಗೊಳ್ಳೋ ಮುಂಚೆ ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಅಂತ ಹೋಗಿ ಖಾಲಿ ಸ್ಲಾಟ್ (ರ‍್ಯಾಮ್ ಕೂರಿಸೋ ಜಾಗ) ಇದ್ಯಾ ನೋಡಿ. ತೆಳು ಲ್ಯಾಪ್‌ಟಾಪ್ ಎಷ್ಟೋ ಇದಾವೆ, ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಏನೂ ಮಾಡಕ್ಕಾಗಲ್ಲ. ಡಿಡಿಆರ್3, ಡಿಡಿಆರ್4 ಅಂದ್ರೆ ರ‍್ಯಾಮ್‌ನ ಬೇರೆ ಬೇರೆ ತಲೆಮಾರು, ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರಲ್ಲ, ಪಿನ್ ಸಾಲಿನ ಮಧ್ಯದ ಕಚ್ಚು ಬೇರೆ ಜಾಗದಲ್ಲಿರುತ್ತೆ, ದಯವಿಟ್ಟು ಬಲವಂತ ಮಾಡ್ಬೇಡಿ. ಸರಿಯಾದ್ದಾದ್ರೆ ಓರೆಯಾಗಿ ತೂರಿಸಿ ಮೆಲ್ಲಗೆ ಒತ್ತಿ, ಎರಡೂ ಬದಿ ಕ್ಲಿಪ್ ಟಕ್ ಅನ್ನುತ್ತೆ.