ಒಂದೇ ಒಂದು ನಾಟಿ ಕೋಳಿ ಮೊಟ್ಟೆಗೆ ಮನೆಯಲ್ಲೇ ಬಲ್ಬಿನ ಕಾವು ಕೊಟ್ಟು ಮರಿ ಮಾಡಿಸಬಹುದಾ?

ಮಗಳು ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಯಿಂದ ಒಂದು ನಾಟಿ ಮೊಟ್ಟೆ ತಂದಿದ್ದಾಳೆ, ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಬಲ್ಬ್ ಇಟ್ಟು ಮರಿ ಮಾಡಿಸಬೇಕಂತೆ, ಅಪಾಯ ಇಲ್ಲದೆ ಹೇಗೆ ಅಂತ ಕೇಳಿದ್ದೀರಿ. ಮಾಡಬಹುದು. ನಾನು ಹೊಸನಗರ ಕಡೆಯವನು. ಹೇಂಟೆಯ ಅಡಿಯಲ್ಲೂ ಮರಿ ಮಾಡಿಸಿದ್ದೇನೆ, ಥರ್ಮಾಕೋಲ್ ಪೆಟ್ಟಿಗೆಯಲ್ಲೂ ಮಾಡಿಸಿದ್ದೇನೆ.

ಮೊದಲ ಮಾತು, ಒಂದೇ ಮೊಟ್ಟೆ ಇಡಬೇಡಿ. ಇಟ್ಟ ಮೊಟ್ಟೆ ಎಲ್ಲವೂ ಮರಿ ಆಗುವುದಿಲ್ಲ. ಅದು ಮರಿ ಆದರೂ ಒಂಟಿ ಮರಿ ಹಗಲು ರಾತ್ರಿ ಕೂಗುತ್ತದೆ, ಅದನ್ನು ಕೇಳೋಕಾಗಲ್ಲ. ಆರೋ ಎಂಟೋ ಇಡಿ. ಅಂಗಡಿಯ ಬಿಳಿ ಫಾರಂ ಮೊಟ್ಟೆ ಸೇರಿಸಬೇಡಿ, ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಹುಂಜ ಇರುವ ಮನೆಯ, ವಾರದೊಳಗಿನ ಮೊಟ್ಟೆ ಬೇಕು. ಫ್ರಿಜ್ಜಲ್ಲಿ ಇಟ್ಟಿರಬಾರದು, ತೊಳೆದಿರಬಾರದು. ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಇರುತ್ತದೆ, ತೊಳೆದರೆ ಅದು ಹೋಗಿ ಕ್ರಿಮಿ ಒಳಗೆ ಇಳಿಯುತ್ತದೆ. ತೀರ್ಥಹಳ್ಳಿಯಿಂದ ಬಸ್ಸಲ್ಲಿ ಕುಲುಕಿಕೊಂಡು ಬಂದಿದ್ದರೆ, ಚೂಪು ತುದಿ ಕೆಳಗೆ ಮಾಡಿ ಅರ್ಧ ದಿನ ಸುಮ್ನೆ ಬಿಡಿ. ಆಮೇಲೆ ಕಾವಿಗೆ ಇಡಿ.

ಈಗ ಬಲ್ಬಿನ ವಿಷಯ. ನನಗೆ ಮೊಟ್ಟೆಗಿಂತ ನಿಮ್ಮ ಮನೆಯ ಚಿಂತೆ ಜಾಸ್ತಿ. ರಟ್ಟಿನ ಡಬ್ಬಕ್ಕೆ ಬಲ್ಬ್ ತೂಗುಬಿಟ್ಟು ರಾತ್ರಿ ಮಲಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಥರ್ಮಾಕೋಲ್ ಕೂಡ ಬಿಸಿಗೆ ಕರಗುತ್ತದೆ, ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ. ಹೋಲ್ಡರನ್ನು ಗಟ್ಟಿಯಾಗಿ ಸ್ಕ್ರೂ ಹಾಕಿ ಕೂರಿಸಿ. ಬಲ್ಬಿನ ಸುತ್ತ ತೂತು ಹೊಡೆದ ತಗಡಿನ ಡಬ್ಬ ಇರಲಿ, ಪೆಟ್ಟಿಗೆಯ ಗೋಡೆಗೂ ಅದಕ್ಕೂ ನಾಲ್ಕು ಬೆರಳಾದರೂ ಅಂತರ ಇರಲಿ. ಎಲ್‌ಇಡಿ ಬಲ್ಬು ಕಾವು ಕೊಡಲ್ಲ, ಹಳೆಯ ಕಾಲದ ತಂತಿ ಬಲ್ಬೇ ಬೇಕು. 40 ವಾಟಿನದು ಒಂದರ ಬದಲು 25 ವಾಟಿನವು ಎರಡು ಹಾಕಿದರೆ ಒಂದು ಸುಟ್ಟರೂ ಇನ್ನೊಂದು ಇರುತ್ತದೆ. ಕಾವು ನೋಡಿಕೊಂಡು ಬಲ್ಬನ್ನು ತಾನೇ ಆರಿಸಿ ಹತ್ತಿಸುವ ಒಂದು ಡಿಜಿಟಲ್ ಥರ್ಮೋಸ್ಟಾಟ್ ಬೇಕೇ ಬೇಕು, ಕೈಯಲ್ಲಿ ಸ್ವಿಚ್ ಹಾಕಿ ತೆಗೆದು ಮರಿ ಆಗುವವರೆಗೆ 21 ದಿನ ಕಾಯುವುದು ಆಗದ ಕೆಲಸ. ಒಳಗೆ ನೀರಿನ ಬಟ್ಟಲು ಇಡಬೇಕಾಗುತ್ತದೆ. ನೀರೂ ಕರೆಂಟೂ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ವೈರಿಂಗನ್ನು ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಮಗಳಿಗೆ ಮುಚ್ಚಳ ತೆಗೆಯೋಕೆ ಬಿಡಬೇಡಿ, ಗಾಜಿನ ಕಿಟಕಿ ಮಾಡಿಕೊಡಿ. ಇದೆಲ್ಲ ಆಗಲ್ಲ ಅನ್ನಿಸಿದರೆ ಮೊಟ್ಟೆಗೆ ಕಾವು ಕೊಡುವ ಸಣ್ಣ ರೆಡಿಮೇಡ್ ಇನ್‌ಕ್ಯುಬೇಟರ್ ಕೊಳ್ಳಿ.

ಪೆಟ್ಟಿಗೆಯ ಒಳಗೆ ಸಣ್ಣ ಫ್ಯಾನ್ ಇದ್ದರೆ ಕಾವು 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು 38.5ರ ಹತ್ತಿರ. ಮೊಟ್ಟೆ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಒಂದಿಡೀ ದಿನ ಓಡಿಸಿ ನೋಡಿ. ಮೊಟ್ಟೆ ಸ್ವಲ್ಪ ಹೊತ್ತು ತಣ್ಣಗಾದರೆ ತಡೆದುಕೊಳ್ಳುತ್ತದೆ, ಕಾವಿಗೆ ಕೂತ ಹೇಂಟೆಯೂ ದಿನಕ್ಕೊಮ್ಮೆ ಎದ್ದು ಹೋಗಿ ಮೇದು ಬರುತ್ತದಲ್ವಾ? ಆದರೆ 40 ಡಿಗ್ರಿ ದಾಟಿ ನಿಂತರೆ ಒಳಗಿನ ಜೀವ ಉಳಿಯುವುದು ಕಷ್ಟ.

ಇನ್ನು ನಮ್ಮ ಕಡೆಯ ಕರೆಂಟು. ಒಂದು ಆಷಾಢದಲ್ಲಿ, ಕಾವಿಗೆ ಇಟ್ಟ ಹನ್ನೆರಡನೇ ರಾತ್ರಿ, ಲೈನ್ ಮೇಲೆ ಮರ ಬಿದ್ದು ಬೆಳಗಿನವರೆಗೂ ಕರೆಂಟ್ ಬರಲಿಲ್ಲ. ಬಚ್ಚಲ ಹಂಡೆಯ ಬಿಸಿನೀರನ್ನು ಎರಡು ಬಾಟಲಿಗೆ ತುಂಬಿ, ಟವೆಲ್ ಸುತ್ತಿ ಮೊಟ್ಟೆಗಳ ಪಕ್ಕ ಇಟ್ಟೆ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದೆ. ಎರಡು ಗಂಟೆಗೊಮ್ಮೆ ನೀರು ಬದಲಾಯಿಸುತ್ತಾ ಒಲೆಯ ಮುಂದೆಯೇ ಕೂತಿದ್ದೆ. ಒಂಬತ್ತರಲ್ಲಿ ಏಳು ಮರಿ ಆದವು. ನೀವೂ ಹೀಗೆ ಮಾಡುವುದಾದರೆ ಮೊದಲು ಪ್ಲಗ್ ಕಿತ್ತಿಡಿ. ಕಂಬಳಿ ಹೊದಿಸಿದ ಮೇಲೆ ಕರೆಂಟ್ ಬಂದು ಬಲ್ಬ್ ಹತ್ತಿದರೆ ಬೆಂಕಿಗೆ ದಾರಿ.

ಮಲೆನಾಡಲ್ಲಿ ಮಳೆ ಹಿಡಿದಿದೆ, ತೇವ ಬೇಕಾದಷ್ಟಿದೆ, ನೀರು ಯಾಕೆ ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಹೊರಗೆ 24 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೂ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ತೇವಾಂಶದ ಮೀಟರು ಶೇ. 40ರ ಆಸುಪಾಸು ತೋರಿಸುತ್ತದೆ. ಮೊದಲ 18 ದಿನ ಶೇ. 50 ಸುಮಾರು ಬೇಕು, ಕೊನೆಯ ಮೂರು ದಿನ 65ರಿಂದ 70. ಮಳೆಗಾಲದಲ್ಲಿ ಒಂದು ಸಣ್ಣ ಬಟ್ಟಲು ಸಾಕು. ಬೇಸಿಗೆಯಲ್ಲಿ ಅಗಲ ಬಾಯಿಯ ತಟ್ಟೆಯೇ ಬೇಕು.

ಮೊಟ್ಟೆಯ ಒಂದು ಬದಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ನಮ್ಮಜ್ಜಿ ಇದ್ದಿಲಿನ ಗೆರೆ ಎಳೆಯುತ್ತಿದ್ದರು. ದಿನಕ್ಕೆ ಮೂರೋ ಐದೋ ಸಲ ತಿರುಗಿಸಿ, ಇಲ್ಲದಿದ್ದರೆ ಒಳಗಿನ ಮರಿ ಪೊರೆಗೆ ಅಂಟಿಕೊಳ್ಳುತ್ತದೆ. ಸಲ ಬೆಸ ಇದ್ದರೆ ರಾತ್ರಿಯ ಉದ್ದದ ಹೊತ್ತಿನಲ್ಲಿ ದಿನವೂ ಅದೇ ಬದಿ ಮೇಲೆ ಬರುವುದು ತಪ್ಪುತ್ತದೆ.

ಏಳನೇ ದಿನ ರಾತ್ರಿ ಲೈಟ್ ಆರಿಸಿ, ಮಗಳನ್ನು ಪಕ್ಕ ಕೂರಿಸಿಕೊಂಡು ಮೊಬೈಲ್ ಟಾರ್ಚನ್ನು ಮೊಟ್ಟೆಯ ದಪ್ಪ ತುದಿಗೆ ಹಿಡಿಯಿರಿ. ಒಳಗೆಲ್ಲ ಕೆಂಪು ಬೆಳಕು. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡನ ಕಾಲಿನ ಹಾಗೆ ಹರಡಿದ ರಕ್ತದ ನರಗಳು. ಸುಮ್ಮನೆ ಹಿಡಿದು ನೋಡುತ್ತಿದ್ದರೆ ಆ ಚುಕ್ಕೆ ಸಣ್ಣಗೆ ಅಲ್ಲಾಡುತ್ತದೆ. ಇಷ್ಟು ದಿನ ಆದರೂ ಅದನ್ನು ನೋಡುವಾಗ ನಾನು ಉಸಿರು ಹಿಡಿಯುತ್ತೇನೆ. ಏನೂ ಕಾಣದೆ ತಿಳಿಯಾಗಿದ್ದರೆ ಆ ಮೊಟ್ಟೆಯಲ್ಲಿ ಮರಿ ಕಟ್ಟಿಲ್ಲ. ನರಗಳಿಲ್ಲದೆ ಬರೀ ರಕ್ತದ ಉಂಗುರ ಕಂಡರೆ ಕಟ್ಟಿ ನಿಂತುಹೋಗಿದೆ. ಅಂಥವನ್ನು ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವೂ ಹಾಳಾಗುತ್ತವೆ.

18ನೇ ದಿನ ತಿರುಗಿಸುವುದು ನಿಲ್ಲಿಸಿ, ನೀರು ತುಂಬಿಸಿ, ಮುಚ್ಚಳ ಹಾಕಿ. ಆಮೇಲೆ ಕೈ ಹಾಕಬೇಡಿ. ಕಷ್ಟ ಇರುವುದು ಇಲ್ಲೇ. ಚಿಪ್ಪು ಒಡೆಯುವ ಮೊದಲೇ ಒಳಗಿಂದ ಕಿಚಕಿಚ ಕೇಳಿಸುತ್ತದೆ. 20-21ನೇ ದಿನಕ್ಕೆ ಚಿಪ್ಪಿನ ಮೇಲೆ ನಕ್ಷತ್ರದ ಹಾಗೆ ಒಂದು ಬಿರುಕು. ಆಮೇಲೆ ಗಂಟೆಗಟ್ಟಲೆ ಏನೂ ಆಗಲ್ಲ. ನನ್ನ ಮೊದಲ ಪೆಟ್ಟಿಗೆಯಲ್ಲಿ ಹೀಗೇ ಆಗಿ, ಮರಿಗೆ ಸುಸ್ತಾಗಿದೆ, ಸತ್ತುಹೋಗುತ್ತದೆ ಅಂತ ಗಾಬರಿಯಾಗಿ ಉಗುರಿನಲ್ಲಿ ಚಿಪ್ಪು ಬಿಡಿಸಿದೆ. ಬಿಳಿ ಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿತ್ತು. ನನ್ನ ಬೆರಳೆಲ್ಲ ಕೆಂಪಾಯಿತು. ಹೊಟ್ಟೆಯ ಹೊರಗೆ ಹಳದಿ ಭಾಗ ಉಳಿದಿತ್ತು. ಅರ್ಧ ಗಂಟೆಯಲ್ಲಿ ಮರಿ ತಣ್ಣಗಾಯಿತು. ಬಿರುಕು ಬಿಟ್ಟ ಮೇಲೆ ಮರಿ ವಿಶ್ರಾಂತಿ ತೆಗೆದುಕೊಳ್ಳುವುದಕ್ಕೆ ಕಾರಣ ಇದೆ. ಆಗಲೇ ಪೊರೆಯ ರಕ್ತ ಮೈಯೊಳಗೆ ಸೇರುವುದು, ಹಳದಿ ಹೊಟ್ಟೆಯೊಳಗೆ ಹೋಗುವುದು. ಅದಕ್ಕೆ 24 ಗಂಟೆಯವರೆಗೂ ಬೇಕಾಗಬಹುದು. ಮಧ್ಯೆ ಮುಚ್ಚಳ ತೆಗೆದರೆ ತೇವ ಹೋಗಿ ಪೊರೆ ಒಣಗಿ ಮರಿಗೆ ಬಿಗಿದುಕೊಳ್ಳುತ್ತದೆ. ಮಗಳು ಅತ್ತರೂ ತೆಗೆಯಬೇಡಿ.

ಹೊರಬಂದ ಮರಿಗೆ ತಕ್ಷಣ ತಿನ್ನಿಸಬೇಕಿಲ್ಲ, ಒಳಗೆ ಎಳೆದುಕೊಂಡ ಹಳದಿ ಎರಡು ದಿನಕ್ಕೆ ಸಾಕು. ಮೈ ಒಣಗಿ ಪುಕ್ಕ ಉಬ್ಬಿದ ಮೇಲೆ ಬುಟ್ಟಿಗೆ ಹಾಕಿ. ಅಡಿಯಲ್ಲಿ ಭತ್ತದ ಹೊಟ್ಟು ಇರಲಿ, ನ್ಯೂಸ್ ಪೇಪರಲ್ಲಿ ಕಾಲು ಜಾರಿ ಅಗಲವಾಗಿಬಿಡುತ್ತದೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಬಲ್ಬಿನ ಕೆಳಗೆ ಮುದುಡಿದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ. ನೀರಿನ ತಟ್ಟೆಗೆ ಕಲ್ಲು ಹಾಕಿ, ಮುಳುಗಬಾರದು. ಬರೀ ಅಕ್ಕಿ ನುಚ್ಚು ಸಾಲದು, ಎಳೆ ಮರಿಗಳ ಆಹಾರ ಚಿಕ್ ಸ್ಟಾರ್ಟರ್ ಕೊಡಿ. ಮೊದಲ ವಾರದಲ್ಲಿ ಹಾಕುವ, ಕೋಳಿಗಳ ರಾಣಿಖೇಟ್ ರೋಗದ ಲಸಿಕೆಯ ಹನಿಗೆ ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಡಿ. ಮರಿ ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲೇಬೇಕು, ಮುತ್ತು ಕೊಡೋದು ಬೇಡ. ಕೋಳಿಯಿಂದ ಬರುವ ಸಾಲ್ಮೊನೆಲ್ಲಾ ಕ್ರಿಮಿ ಮಕ್ಕಳಿಗೆ ಬೇಗ ತಗಲುತ್ತದೆ. ಬುಟ್ಟಿ ಅಡುಗೆಮನೆಯಲ್ಲಿ ಬೇಡ.

ಇನ್ನೊಂದು ವಿಷಯ ಇವತ್ತೇ ಯೋಚಿಸಿ. ಮರಿಗಳಲ್ಲಿ ಸುಮಾರು ಅರ್ಧ ಹುಂಜ. ನಾಲ್ಕೈದು ತಿಂಗಳಿಗೆ ಬೆಳಗಿನ ಜಾವ ಕೂಗೋಕೆ ಶುರು ಮಾಡುತ್ತವೆ, ಬಾಡಿಗೆ ಮನೆಯಲ್ಲಿ ಅಕ್ಕಪಕ್ಕದವರು ಸುಮ್ಮನಿರಲ್ಲ. ಅಜ್ಜಿಗೆ ಫೋನ್ ಮಾಡಿ. ರೆಕ್ಕೆ ಬಲಿತ ಮೇಲೆ, ಆರೇಳು ವಾರಕ್ಕೆ, ಮರಿಗಳನ್ನು ಅಲ್ಲಿ ಬಿಡಬಹುದಾ ಕೇಳಿ. ಹಾಗೇ, ಅಲ್ಲಿ ಈಗ ಯಾವುದಾದರೂ ಹೇಂಟೆ ಕಾವಿಗೆ ಕೂತಿದೆಯಾ ಅಂತಲೂ ಕೇಳಿ. ಕೂತಿದ್ದರೆ ಈ ಮೊಟ್ಟೆಯನ್ನು ಅದರಡಿಯಲ್ಲೇ ಇಡಿಸಿ, ಮಗಳನ್ನು ಶನಿವಾರ ಭಾನುವಾರ ಕರೆದುಕೊಂಡು ಹೋಗಿ. ಅದು ಕೂತು ಒಂದೆರಡು ದಿನದೊಳಗಾದರೆ ಮಾತ್ರ. ತಡವಾಗಿ ಸೇರಿಸಿದರೆ ಉಳಿದವು ಒಡೆದ ಕೂಡಲೇ ಹೇಂಟೆ ಇದನ್ನು ಬಿಟ್ಟು ಎದ್ದುಬಿಡುತ್ತದೆ.