ಶನಿವಾರದ ಗಿಟಾರ್ ಸಂಜೆಗೆ ಖಂಡಿತ ಹೋಗಿ

ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಎರಡು ತಿಂಗಳಾದರೂ ಕಚೇರಿಯವರ ಮಾತು ಹವಾಮಾನ ದಾಟಿ ಮುಂದಕ್ಕೆ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ಈಗ ಸಹೋದ್ಯೋಗಿಯೊಬ್ಬರು ಶನಿವಾರ ಸಂಜೆ ಕಾಫಿ ಅಂಗಡಿಯಲ್ಲಿ ಗಿಟಾರ್ ನುಡಿಸುತ್ತಾ ಹಳೆಯ ಕಥೆ ಹೇಳುವ ಕಾರ್ಯಕ್ರಮಕ್ಕೆ ಕರೆದಿದ್ದಾರೆ, ಅವರ ಹಾಸ್ಯ ಅರ್ಥವಾಗದೆ ಪೆದ್ದಿಯ ಹಾಗೆ ಕೂರಬೇಕಾದೀತೇ ಎಂಬುದು ನಿಮ್ಮ ಅಳುಕು. ಹೋಗಿ ತಂಗಿ. ಈ ಊರಿನವರು ಎದುರಾಎದುರು ಕುಳಿತು ಬಾಯಿಬಿಡದ ಸಂಗತಿಗಳೆಲ್ಲ ಹೊರಬರುವುದು ಪಕ್ಕದಲ್ಲಿ ಯಾರಾದರೂ ಮೆಲ್ಲಗೆ ತಂತಿ ಮೀಟುತ್ತಿರುವಾಗಲೇ.

ನಮ್ಮ ಹರಿಕಥೆಯನ್ನು ನೆನಪಿಸಿಕೊಳ್ಳಿ. ದಾಸರು ಪದವನ್ನು ಅರ್ಧಕ್ಕೆ ನಿಲ್ಲಿಸಿ ಜಿಪುಣ ಶೆಟ್ಟಿಯದೋ ಜಗಳಗಂಟಿ ಅತ್ತೆಯದೋ ಉಪಕಥೆಯೊಂದನ್ನು ಹೇಳಿ, ಜನ ನಗುತ್ತಿರುವಾಗಲೇ ಮತ್ತೆ ಪದಕ್ಕೆ ಮರಳುತ್ತಾರಲ್ಲ, ಇಲ್ಲಿ ಆ ಉಪಕಥೆಯೇ ಪ್ರಧಾನ. ದೇವರಿಲ್ಲ, ನೀತಿಯೂ ಇಲ್ಲ.

ಇದಕ್ಕೆ ಇಲ್ಲಿ ದೊಡ್ಡ ಪರಂಪರೆಯೇ ಇದೆ. 1974ರ ಜುಲೈ 6ರಂದು ಪಕ್ಕದ ಊರಾದ ಸೇಂಟ್ ಪಾಲ್‌ನ ಮಕಾಲೆಸ್ಟರ್ ಕಾಲೇಜಿನಲ್ಲಿ ಬೆರಳೆಣಿಕೆಯ ಪ್ರೇಕ್ಷಕರ ಮುಂದೆ ‘ಎ ಪ್ರೇರಿ ಹೋಮ್ ಕಂಪ್ಯಾನಿಯನ್’ ಎಂಬ ರೇಡಿಯೊ ಕಾರ್ಯಕ್ರಮ ಶುರುವಾಯಿತು. ಗಿಟಾರ್, ಮ್ಯಾಂಡೊಲಿನ್, ಪಿಟೀಲು, ಪಿಯಾನೊ. ನಡುವೆ ಇಲ್ಲದ ಕಂಪನಿಗಳ ಬಿಸ್ಕತ್ತಿನ ಜಾಹೀರಾತು. ಕೊನೆಗೆ ನಿರೂಪಕ ಗ್ಯಾರಿಸನ್ ಕೀಲರ್ ತಾವೇ ಕಲ್ಪಿಸಿದ ಲೇಕ್ ವೋಬಿಗಾನ್ ಎಂಬ ಪುಟ್ಟ ಊರಿನ ವಾರದ ಸಮಾಚಾರವನ್ನು ಚೀಟಿ ನೋಡದೆ ಹೇಳುತ್ತಿದ್ದರು. ಶನಿವಾರ ಸಂಜೆ ಅಡುಗೆಮನೆಯಲ್ಲಿ ಅದನ್ನು ಕೇಳುತ್ತಲೇ ನನಗೆ ಈ ನಾಡು ಸ್ವಲ್ಪ ಅರ್ಥವಾದದ್ದು. ಅವರು 2016ರಲ್ಲಿ ಬಿಟ್ಟ ಮೇಲೆ ಮ್ಯಾಂಡೊಲಿನ್ ವಾದಕ ಕ್ರಿಸ್ ಥೀಲಿ ಮುಂದುವರಿಸಿದರು, ಹೆಸರೂ ಬದಲಾಯಿತು, 2020ರಲ್ಲಿ ನಿಂತೇಹೋಯಿತು. ಅನುಚಿತ ವರ್ತನೆಯ ಆರೋಪ ಬಂದು 2017ರಲ್ಲಿ ರೇಡಿಯೊ ಸಂಸ್ಥೆ ಕೀಲರ್ ಅವರ ಸಂಬಂಧ ಕಡಿದುಕೊಂಡಿತು; ಹೆಸರೆತ್ತಿದರೆ ಮುಖ ಸಿಂಡರಿಸುವವರೂ ಸಿಗಬಹುದು. ಆದರೆ ಆ ಬಗೆಯ ಮಾತುಗಾರಿಕೆ ಒಬ್ಬರ ಸ್ವತ್ತಲ್ಲ, ಕಾಫಿ ಅಂಗಡಿಗಳಲ್ಲಿ ಇನ್ನೂ ಜೀವಂತವಾಗಿದೆ.

ಕಥೆಗಳು ಎಂಥವು ಎಂದರೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಹಳೆಯ ಕಾರನ್ನು ನಿಲ್ಲಿಸಿ, ವಸಂತದಲ್ಲಿ ಯಾವ ದಿನ ಮುಳುಗುತ್ತದೆಂದು ಊರವರೆಲ್ಲ ಪಂಥ ಕಟ್ಟಿದ್ದು. ಚರ್ಚಿನ ನೆಲಮಾಳಿಗೆಯ ಊಟಕ್ಕೆ ಎಲ್ಲರೂ ಅಣಬೆ ಸೂಪು ಹಾಕಿ ಓವನ್ನಿನಲ್ಲಿ ಬೇಯಿಸುವ ಅದೇ ಹಾಟ್‌ಡಿಶ್ ತಂದು, ಯಾರದು ಚೆನ್ನಾಗಿದೆ ಎಂದು ಯಾರೂ ಬಾಯಿಬಿಡದೆ ಇದ್ದದ್ದು. ನಾರ್ವೆಯಿಂದ ಬಂದ ತಾತ ಮಗನನ್ನು ಹೊಗಳಬೇಕಾದಾಗ ‘ಪರವಾಗಿಲ್ಲ’ ಎಂದಷ್ಟೇ ಹೇಳಿ ಕೊಟ್ಟಿಗೆಗೆ ಹೋದದ್ದು. ಕೇಳುವವರು ಗಹಗಹಿಸುವುದಿಲ್ಲ. ಭುಜ ಮಾತ್ರ ಅಲುಗುತ್ತದೆ. ಅದನ್ನು ನೋಡಿ ಕಾರ್ಯಕ್ರಮ ಕಳೆಗಟ್ಟಲಿಲ್ಲ ಎಂದುಕೊಳ್ಳಬೇಡಿ.

ಒಮ್ಮೆ ನನ್ನನ್ನೂ ಮೈಕ್ ಮುಂದೆ ನಿಲ್ಲಿಸಿದರು. ತಿಪಟೂರಿನ ಮಾಳಿಗೆಯ ಮೇಲೆ ಅಜ್ಜಿ ಸಂಡಿಗೆ ಇಟ್ಟು, ಕಾಗೆ ಕಾಯಲು ನನ್ನನ್ನು ಕೂರಿಸುತ್ತಿದ್ದ ಕಥೆ ಹೇಳಿದೆ. ಅಂಚು ಒಣಗಿ ನಡುವೆ ಇನ್ನೂ ಮೆತ್ತಗಿರುವ ಸಂಡಿಗೆಯ ರುಚಿಯೇ ಬೇರೆ. ಹಳೆಯ ಪಂಚೆಯಿಂದ ಮೆಲ್ಲನೆ ಎಬ್ಬಿಸಿ ಸಾಲಿನ ಕೊನೆಯಿಂದ ಒಂದೊಂದಾಗಿ ನುಂಗುತ್ತಿದ್ದೆ. ಸಂಜೆ ಅಜ್ಜಿ ಖಾಲಿ ಜಾಗ ನೋಡಿ, ‘ಈ ಊರಿನ ಕಾಗೆಗಳು ಎಷ್ಟು ಅಚ್ಚುಕಟ್ಟು, ಸಾಲು ತಪ್ಪಿಸದೆ ತಿಂದಿವೆ’ ಎನ್ನುತ್ತಿದ್ದಳು. ಗಿಟಾರ್ ಹಿಡಿದಿದ್ದ ಹುಡುಗ ಅಲ್ಲಿ ಎರಡು ಸ್ವರ ಬಿಟ್ಟು ನಿಲ್ಲಿಸಿದ, ಭುಜಗಳು ಅಲುಗಿದವು. ಆಮೇಲೆ ಮುದುಕರೊಬ್ಬರು ಬಂದು ತಮ್ಮ ಮನೆಯ ಲುಟೆಫಿಸ್ಕ್ ಪುರಾಣ ತೆಗೆದರು. ಒಣಗಿದ ಕಾಡ್ ಮೀನನ್ನು ಕ್ಷಾರದ ನೀರಿನಲ್ಲಿ ನೆನೆಹಾಕಿ, ಮತ್ತೆ ದಿನಗಟ್ಟಲೆ ತಿಳಿನೀರಿನಲ್ಲಿಟ್ಟು ಬೇಯಿಸುವುದಂತೆ. ಬೆಂದಾಗ ಅದು ಲೋಳೆಲೋಳೆ, ವಾಸನೆಗೆ ಅವರ ನಾಯಿಯೇ ಮನೆ ಬಿಟ್ಟಿತ್ತಂತೆ. ನಮ್ಮ ಹಪ್ಪಳದ ಹಿಟ್ಟಿಗೂ ಕ್ಷಾರ ಬೀಳುತ್ತದೆ ಎಂದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಆ ಸಂಜೆ ಹವಾಮಾನದ ಸುದ್ದಿಯೇ ಬರಲಿಲ್ಲ.

ನೀವು ಸಸ್ಯಾಹಾರಿಯಾಗಿದ್ದರೆ ಹಾಟ್‌ಡಿಶ್ ಬಡಿಸಿಕೊಳ್ಳುವ ಮೊದಲು ಕೇಳಿ. ಸಾಮಾನ್ಯವಾಗಿ ಆಲೂಗಡ್ಡೆಯ ಕೆಳಗೆ ದನದ ಮಾಂಸದ ಕೈಮ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯಕ್ರಮ ಮುಗಿದ ಕೂಡಲೇ ಚಳಿಗೆ ಹೆದರಿ ಕಾರಿನತ್ತ ಓಡಬೇಡಿ. ಇಲ್ಲಿನವರು ‘ಸರಿ, ಹೊರಡೋಣ’ ಎಂದು ತೊಡೆ ತಟ್ಟಿ ಎದ್ದ ಮೇಲೂ ಬಾಗಿಲ ಬಳಿ ಅರ್ಧ ಗಂಟೆ ನಿಲ್ಲುತ್ತಾರೆ. ಊಟಕ್ಕೆ ಕರೆಯುವುದು, ಹೀಟರ್ ರಿಪೇರಿಯವನ ನಂಬರ್ ಕೊಡುವುದು, ಮಗಳ ಮದುವೆಯ ತಾಪತ್ರಯ ತೋಡಿಕೊಳ್ಳುವುದು ಎಲ್ಲವೂ ಆಗಲೇ. ಬೂಟಿನ ಲೇಸನ್ನು ಆದಷ್ಟು ನಿಧಾನವಾಗಿ ಕಟ್ಟಿಕೊಳ್ಳಿ.